ಗುಳಿಗಿ ಒಗ್ಗದ ಮನೆಗಳಿಗೆ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೋರೋಗದಿಂದ ನರಳುವವರನ್ನು ಮನೆಯಲ್ಲಿಟ್ಟುಕೊಂಡು ಜೋಪಾನ ಮಾಡುತ್ತಿರುವ ತಾಯಿ-ತಂದೆ, ಅಕ್ಕ-ತಂಗಿ, ಅಣ್ಣ-ತಮ್ಮ, ಗಂಡ-ಹೆಂಡತಿ ಎಲ್ಲರಿಗೂ,



ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಪಾಳಿ ಹಚ್ಚಿ ಕೂತಾಗಲೂ, ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದಾಗಲೂ ಈಚೆಗೆ ಒಂದು ಮಾತು ಬೆಂಚಿನಿಂದ ಬೆಂಚಿಗೆ ಹೋಗುತ್ತಿದೆ. "ರಕ್ತ ಕೊಟ್ಟು ಜೀನ್ ಟೆಸ್ಟ್ ಮಾಡಿಸಿದರ ಯಾವ ಗುಳಿಗಿ ಒಗ್ಗತೈತಿ, ಯಾವುದು ಒಗ್ಗೂದಿಲ್ಲ ಅನ್ನೂದು ಮೊದಲಽ ತಿಳೀತೈತಂತ. ಖರೇ ಏನ್ರಿ?" ಕೇಳುವವರ ಕೈಚೀಲದಲ್ಲಿ ವರ್ಷಗಟ್ಟಲೆಯ ಚೀಟಿಗಳ ಗಂಟು ಇರುತ್ತದೆ. ಈ ಪ್ರಶ್ನೆಗೆ ಹೌದು ಎಂದರೂ ಪೂರ್ತಿ ನಿಜವಲ್ಲ, ಇಲ್ಲ ಎಂದರೂ ಪೂರ್ತಿ ನಿಜವಲ್ಲ. ಹಾಗಾಗಿ ಒಂದು ಮಾತಿನಲ್ಲಿ ಮುಗಿಸಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ನನ್ನ ತಂಗಿಯೂ ಬಹಳ ವರ್ಷಗಳಿಂದ ಗುಳಿಗೆಯ ಮೇಲೆ ಇರುವವಳು. ಅವಳಿಗಾಗಿಯೇ ಈ ವಿಷಯವನ್ನು ಓದಿ, ಕೇಳಿ ತಿಳಿದುಕೊಂಡವನು ನಾನು. ವೈದ್ಯನಲ್ಲ.

ಈ ಪ್ರಶ್ನೆಯ ಹಿಂದೆ ಎಷ್ಟು ಸಂಕಟವಿದೆ ಎನ್ನುವುದು ನಿಮಗೆ ಹೇಳಿಕೊಡಬೇಕಾದ್ದಲ್ಲ. ಮೊದಲ ಗುಳಿಗೆ ನುಂಗಿದ ಎರಡು ಮೂರು ದಿನಕ್ಕೆ ಹುಡುಗನ ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ಕಣ್ಣಾಲಿ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ನಾಲಿಗೆ ಹೊರಳುವುದಿಲ್ಲ. ಮನೆಯವರು ಗಾಳಿ ಹಿಡಿಯಿತೆಂದು ಗುಡಿಗೆ ಓಡುತ್ತಾರೆ. ಹ್ಯಾಲೋಪೆರಿಡಾಲ್‌ನಂಥ ಔಷಧಿಯಿಂದ ಹಾಗಾಗುತ್ತದೆ, ಒಂದು ಇಂಜೆಕ್ಷನ್ ಕೊಟ್ಟರೆ ಅರ್ಧ ತಾಸಿನಲ್ಲಿ ಸಡಿಲಾಗುತ್ತದೆ ಎಂದು ಯಾರೂ ಮೊದಲೇ ಹೇಳಿರುವುದಿಲ್ಲ. ಎರಡನೆಯ ಗುಳಿಗೆ ಬದಲಿಸಿದರೆ ನಿದ್ದೆ, ಬೊಜ್ಜು, ಊಟದ ಮೇಲೆ ಊಟ. ಮೂರನೆಯದು ಖಿನ್ನತೆಗೆಂದು ಕೊಟ್ಟದ್ದು; ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲು ನಾಲ್ಕರಿಂದ ಆರು ವಾರ ಕಾಯಬೇಕು. ಹೆಸರು ಬಿತ್ತುವಾಗ ಶುರು ಮಾಡಿದ ಚಿಕಿತ್ಸೆ ಕಡಲೆ ಬಿತ್ತುವ ಹೊತ್ತಿಗೂ ಹದಕ್ಕೆ ಬಂದಿರುವುದಿಲ್ಲ. ಅಷ್ಟರಲ್ಲಿ ಒಂದು ಸುಗ್ಗಿ ಹೋಯಿತು, ದುಡಿಯುವ ಒಂದು ಜೀವ ಮೂಲೆ ಹಿಡಿಯಿತು, ಮನೆಯಲ್ಲಿ ಜಗಳ ಹತ್ತಿತು. ಬಹಳ ಮಂದಿ ಅಲ್ಲಿಗೇ ಗುಳಿಗೆ ಬಿಡುತ್ತಾರೆ. ಇಂಥ ಹೊತ್ತಿನಲ್ಲಿ ಒಂದೇ ರಕ್ತಪರೀಕ್ಷೆಯಿಂದ ಎಲ್ಲ ಬಗೆಹರಿಯುತ್ತದೆ ಎಂದರೆ ಯಾರ ಜೀವ ಎಳೆಯುವುದಿಲ್ಲ?

ಆ ಪರೀಕ್ಷೆಯ ಹಿಂದಿನ ವಿಜ್ಞಾನ ಸುಳ್ಳಲ್ಲ. ನಾವು ನುಂಗಿದ ಔಷಧಿಯನ್ನು ಕರಗಿಸಿ ಹೊರಹಾಕುವ ಕೆಲಸ ಬಹುಪಾಲು ಪಿತ್ತಜನಕಾಂಗದ್ದು. ಅಲ್ಲಿ ಆ ಕೆಲಸಕ್ಕೆಂದೇ ಕಿಣ್ವಗಳಿವೆ. ಮನೋರೋಗದ ಔಷಧಿಗಳ ಮಟ್ಟಿಗೆ ಮುಖ್ಯವಾದವು ಎರಡು: ಸಿವೈಪಿ2ಡಿ6 ಮತ್ತು ಸಿವೈಪಿ2ಸಿ19. ಇವನ್ನು ಮಾಡುವ ಜೀನ್ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಕೆಲವರಲ್ಲಿ ಕಿಣ್ವ ಮಂದ, ಕೆಲವರಲ್ಲಿ ಬಲು ಚುರುಕು. ಮಂದ ಇದ್ದವರಿಗೆ ಎಲ್ಲರಿಗೂ ಕೊಡುವ ಡೋಸ್ ಕೊಟ್ಟರೆ ಔಷಧಿ ರಕ್ತದಲ್ಲಿ ಏರುತ್ತಲೇ ಹೋಗುತ್ತದೆ, ಅಡ್ಡಪರಿಣಾಮ ಜೋರಾಗುತ್ತದೆ. ಚುರುಕು ಇದ್ದವರಲ್ಲಿ ಔಷಧಿ ನಿಲ್ಲುವುದೇ ಇಲ್ಲ. "ಎಷ್ಟು ಗುಳಿಗಿ ನುಂಗಿದರೂ ಮಣ್ಣ ತಿಂದಂಗ ಐತಿ" ಎನ್ನುತ್ತಾರೆ. ರಿಸ್ಪೆರಿಡೋನ್, ಹ್ಯಾಲೋಪೆರಿಡಾಲ್, ಅಮಿಟ್ರಿಪ್ಟಿಲಿನ್ ಮೊದಲ ಕಿಣ್ವವನ್ನು ನೆಚ್ಚಿಕೊಂಡಿವೆ. ಸಿಟಾಲೋಪ್ರಾಮ್, ಎಸ್ಸಿಟಾಲೋಪ್ರಾಮ್ ಎರಡನೆಯದನ್ನು. ಆ ಕಿಣ್ವ ಮಂದ ಇರುವವರಿಗೆ ಸಿಟಾಲೋಪ್ರಾಮ್ ದಿನಕ್ಕೆ 20 ಮಿಲಿಗ್ರಾಂ ದಾಟಬಾರದು, ದಾಟಿದರೆ ಹೃದಯದ ಬಡಿತದ ಲಯ ತಪ್ಪಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲೇ ಎಚ್ಚರಿಸಿದೆ.

ಇದು ನಮಗೆ ದೂರದ ಮಾತಲ್ಲ. ಯುರೋಪಿನವರಲ್ಲಿ ಸಿವೈಪಿ2ಸಿ19 ತೀರ ಮಂದವಾಗಿರುವವರು ನೂರಕ್ಕೆ ಎರಡು ಮೂರು ಮಂದಿ. ದಕ್ಷಿಣ ಏಷ್ಯಾದ ನಮ್ಮಂಥವರಲ್ಲಿ ಹೆಚ್ಚು ಕಡಿಮೆ ಹತ್ತಕ್ಕೆ ಒಬ್ಬರು. ಪುದುಚೇರಿಯ ಜಿಪ್ಮರ್ ವೈದ್ಯಕೀಯ ಸಂಸ್ಥೆಯ ಸಂಶೋಧಕರು ಕರ್ನಾಟಕದವರನ್ನೂ ಸೇರಿಸಿ ದಕ್ಷಿಣ ಭಾರತದವರ ಮೇಲೆ ಇದರ ಅಧ್ಯಯನಗಳನ್ನು ಇಪ್ಪತ್ತು ವರ್ಷಗಳ ಹಿಂದೆಯೇ ಮಾಡಿದ್ದಾರೆ.

ಇದಕ್ಕೆ ನಮ್ಮ ಕಡೆಯ ಒಂದು ರೂಢಿಯನ್ನು ಸೇರಿಸಿ ನೋಡಿ. ಕಿಣ್ವ ತೀರ ಮಂದವಾಗಬೇಕಾದರೆ ಕೆಲಸ ಮಾಡದ ಜೀನ್ ತಾಯಿಯಿಂದಲೂ ಬರಬೇಕು, ತಂದೆಯಿಂದಲೂ ಬರಬೇಕು. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗೆ ಒಂದು ಬಂಧುಗಳೊಳಗೇ ಆಗುತ್ತದೆ. ಒಂದೇ ಅಜ್ಜನಿಂದ ಇಳಿದ ಒಂದೇ ಜೀನ್ ಎರಡೂ ಕಡೆಯಿಂದ ಬಂದು ಒಂದು ಮಗುವಿನಲ್ಲಿ ಕೂಡುವ ಸಂಭವ ಇಂಥ ಮನೆಗಳಲ್ಲಿ ಹೆಚ್ಚು. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. "ಈ ಗುಳಿಗಿ ನಮ್ಮಕ್ಕಗೂ ತಡೀಲಿಲ್ಲ, ನಮ್ಮ ಚಿಗವ್ವಗೂ ತಡೀಲಿಲ್ಲ" ಎಂದು ನೀವು ಹೇಳಿದರೆ ಅದು ಅಡುಗೆಮನೆಯ ಮಾತೆಂದು ಯಾರೂ ತಳ್ಳಿಹಾಕುವಂತಿಲ್ಲ. ಒಡಹುಟ್ಟಿದವರಲ್ಲಿ ಒಬ್ಬರ ಕಿಣ್ವ ತೀರ ಮಂದ ಇದ್ದರೆ ಇನ್ನೊಬ್ಬರದೂ ಹಾಗೇ ಇರುವ ಸಂಭವ ನಾಲ್ಕರಲ್ಲಿ ಒಂದಕ್ಕೆ ಕಡಿಮೆ ಇಲ್ಲ. ಪ್ರಯೋಗಾಲಯ ಸಾವಿರಾರು ರೂಪಾಯಿ ತೆಗೆದುಕೊಂಡು ಹೇಳುವುದರ ಒಂದು ಪಾಲು ನಿಮ್ಮ ಮನೆಯ ಹೆಂಗಸರ ನೆನಪಿನಲ್ಲಿ ಆಗಲೇ ಇದೆ. ಅದನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಿ.

ಇನ್ನು ಆ ಪರೀಕ್ಷೆ ಹೇಳಲಾರದ್ದು ಏನು ಎಂಬುದು. ಎರಿ ಹೊಲದ ಮಣ್ಣನ್ನು ಪರೀಕ್ಷೆಗೆ ಕೊಟ್ಟರೆ ಯಾವ ಗೊಬ್ಬರ ಹೆಚ್ಚಾಗಿದೆ, ಯಾವುದು ಕಡಿಮೆ ಎಂದು ಚೀಟಿ ಬರುತ್ತದೆ. ಈ ವರ್ಷ ಎಷ್ಟು ಚೀಲ ಮೆಣಸಿನಕಾಯಿ ಬರುತ್ತದೆ ಎಂದು ಅದರಲ್ಲಿ ಬರೆದಿರುವುದಿಲ್ಲ. ಜೀನ್ ಪರೀಕ್ಷೆಯೂ ಅಷ್ಟೇ. ಈ ಔಷಧಿ ಈ ದೇಹದಲ್ಲಿ ಬೇಗ ಕರಗುತ್ತದೋ ನಿಧಾನವಾಗಿ ಕರಗುತ್ತದೋ ಎಂದು ಹೇಳುತ್ತದೆ. ಯಾವ ಔಷಧಿ ಅವನ ಕಿವಿಯಲ್ಲಿ ಕೇಳುವ ದನಿಗಳನ್ನು ನಿಲ್ಲಿಸುತ್ತದೆ, ಯಾವುದು ಅವಳ ಅಳು ನಿಲ್ಲಿಸುತ್ತದೆ ಎಂದು ಹೇಳುವುದಿಲ್ಲ. ರೋಗ ಯಾವುದೆಂದೂ ಹೇಳುವುದಿಲ್ಲ.

ಹಾಗಾದರೆ ಪರೀಕ್ಷೆ ಮಾಡಿಸಿ ಔಷಧಿ ಕೊಟ್ಟವರು ಬೇಗ ಗುಣವಾದರೇ? ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಖಿನ್ನತೆಯ 1,944 ರೋಗಿಗಳನ್ನು ಸೇರಿಸಿ ಒಂದು ದೊಡ್ಡ ಪ್ರಯೋಗ ನಡೆಯಿತು. ಅದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರ ವೈದ್ಯರಿಗೆ ಜೀನ್ ವರದಿ ಮೊದಲೇ ಸಿಕ್ಕಿತು, ಉಳಿದರ್ಧ ಜನರ ವೈದ್ಯರಿಗೆ ಸಿಗಲಿಲ್ಲ. ವರದಿ ಸಿಕ್ಕ ವೈದ್ಯರು ಜೀನ್‌ಗೆ ಹೊಂದದ ಔಷಧಿಗಳನ್ನು ಬರೆಯುವುದನ್ನು ಬಹಳ ಕಡಿಮೆ ಮಾಡಿದರು. ನಡುವಿನ ವಾರಗಳಲ್ಲಿ ಅವರ ರೋಗಿಗಳು ತುಸು ಮುಂದಿದ್ದರು. ಆದರೆ 24ನೆಯ ವಾರ ಎಣಿಸಿದಾಗ ಖಿನ್ನತೆ ಪೂರ್ತಿ ಇಳಿದವರು ಒಂದು ಗುಂಪಿನಲ್ಲಿ 130, ಇನ್ನೊಂದರಲ್ಲಿ 126. ಗುಣವಾಗುವ ಲೆಕ್ಕದಲ್ಲಿ ಅಂತರವೇ ಉಳಿಯಲಿಲ್ಲ.

ಅಡ್ಡಪರಿಣಾಮದ ಲೆಕ್ಕ ಬೇರೆ. ಯುರೋಪಿನ ಏಳು ದೇಶಗಳಲ್ಲಿ 6,944 ರೋಗಿಗಳ ಮೇಲೆ, ಮನೋರೋಗವೊಂದೇ ಅಲ್ಲದೆ ನಾನಾ ಕಾಯಿಲೆಗಳ ಔಷಧಿಗಳಿಗಾಗಿ, 12 ಜೀನ್‌ಗಳನ್ನು ನೋಡಿ ನಡೆಸಿದ ಅಧ್ಯಯನ 2023ರಲ್ಲಿ ಬಂತು. ಡೋಸ್ ಬದಲಿಸಬೇಕಾದಂಥ ಜೀನ್ ಇದ್ದವರಲ್ಲಿ ತೊಂದರೆ ಅನುಭವಿಸಿದವರು ನೂರಕ್ಕೆ 28ರಷ್ಟು ಇದ್ದದ್ದು, ಜೀನ್ ನೋಡಿ ಕೊಟ್ಟಾಗ 21ಕ್ಕೆ ಇಳಿಯಿತು. ಸಣ್ಣ ಲಾಭವಲ್ಲ ಅದು. ಆದರೆ ಆ ಅಧ್ಯಯನಕ್ಕೆ ಸೇರಿದವರು ಬಹುತೇಕ ಯುರೋಪಿನ ಮೂಲದವರು. ನಮ್ಮವರ ಜೀನ್‌ಗಳ ದೊಡ್ಡ ಲೆಕ್ಕ ಈಗಷ್ಟೇ ಶುರುವಾಗಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆಯ 10,000 ಜನರ ಮಾಹಿತಿ ಸಂಶೋಧಕರಿಗೆ ತೆರೆದದ್ದು 2025ರ ಜನವರಿಯಲ್ಲಿ.

ಮಾರುವವರು ಇದನ್ನೆಲ್ಲ ಹೇಳುವುದಿಲ್ಲ. "ನಿಮಗೆ ಯಾವ ಔಷಧಿ ಕೆಲಸ ಮಾಡುತ್ತದೆಂದು ನಾವು ಹೇಳುತ್ತೇವೆ" ಎಂದು ಕಂಪನಿಗಳು ಪ್ರಚಾರ ಮಾಡತೊಡಗಿದಾಗ, ಅಂಥ ಮಾತಿಗೆ ಸಾಕಷ್ಟು ಆಧಾರವಿಲ್ಲ, ವರದಿ ನೋಡಿಕೊಂಡು ನೀವೇ ಔಷಧಿ ಬದಲಿಸಬೇಡಿ ಎಂದು ಎಫ್‌ಡಿಎ 2018ರ ಅಕ್ಟೋಬರಿನಲ್ಲಿ ಬಹಿರಂಗವಾಗಿಯೇ ಎಚ್ಚರಿಕೆ ಕೊಡಬೇಕಾಯಿತು.

ಕುಂದಗೋಳದ ಕಡೆಯ ಒಬ್ಬ ತಂದೆ ಇಂಥ ಒಂದು ವರದಿಯನ್ನು ನನಗೆ ತೋರಿಸಿದ್ದರು. ನುಣುಪು ಕಾಗದ, ಮೂರು ಬಣ್ಣದ ಮೂರು ಕಾಲಂ. ಹಸಿರಿನಲ್ಲಿ ಕೆಲವು ಔಷಧಿ, ಹಳದಿಯಲ್ಲಿ ಕೆಲವು, ಕೆಂಪಿನಲ್ಲಿ ಕೆಲವು. ಎಲ್ಲ ಇಂಗ್ಲಿಷಿನಲ್ಲಿ. ಹೆಸರುಕಾಳು ಮಾರಿ ಬಂದ ದುಡ್ಡಿನಿಂದ ಮಾಡಿಸಿದ್ದು. ಅವರ ಮಗ ರಿಸ್ಪೆರಿಡೋನ್ ಸಣ್ಣ ಡೋಸ್ ಮೇಲೆ ಎರಡು ವರ್ಷದಿಂದ ಸುಧಾರಿಸಿದ್ದ, ಎತ್ತು ಹೂಡುತ್ತಿದ್ದ, ಸಂತೆಗೆ ಹೋಗಿ ಬರುತ್ತಿದ್ದ. ವರದಿಯಲ್ಲಿ ಆ ಔಷಧಿ ಹಳದಿ ಕಾಲಂನಲ್ಲಿತ್ತು. ಹಳದಿ ಎಂದರೆ ಡೋಸ್ ಕಡೆ ಗಮನವಿರಲಿ ಎಂದಷ್ಟೇ ಅರ್ಥ. ಅವನ ವೈದ್ಯರು ಅನುಭವದಿಂದ ಸಣ್ಣ ಡೋಸನ್ನೇ ಇಟ್ಟಿದ್ದರು. ಅದನ್ನು ಹೇಳುವವರು ಯಾರೂ ಇರಲಿಲ್ಲ. ಹಳದಿ ಕಂಡು ಹೆದರಿದ ಮನೆಯವರು ಗುಳಿಗೆ ನಿಲ್ಲಿಸಿದರು. ಎರಡು ತಿಂಗಳು ಏನೂ ಆಗಲಿಲ್ಲ. ಮೂರನೆಯ ತಿಂಗಳು ಅವನು ರಾತ್ರಿ ಮನೆ ಬಿಟ್ಟು ಹೋದ. ಸಿಕ್ಕ, ದೇವರ ದಯೆ. ಆದರೆ ಮೊದಲಿನ ಸ್ಥಿತಿಗೆ ಬರಲು ಅವನಿಗೆ ಹಿಡಿದ ಕಾಲವನ್ನು, ಆ ತಂದೆ ಆ ಕಾಗದವನ್ನು ಮತ್ತೆ ಮತ್ತೆ ಮಡಚಿ ಬಿಚ್ಚಿ ನೋಡುತ್ತಿದ್ದುದನ್ನು ನಾನು ಮರೆಯಲಾರೆ.

ಇದೊಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿಯಿರಿ. ಒಗ್ಗಿರುವ ಗುಳಿಗೆಯನ್ನು ಯಾವ ವರದಿ ನೋಡಿಯೂ ನೀವಾಗಿ ನಿಲ್ಲಿಸಬೇಡಿ. ಎರಡು ವರ್ಷ ನುಂಗಿ ಚೆನ್ನಾಗಿದ್ದಾನೆ ಎಂಬುದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿಲ್ಲ.

ವರದಿಯೊಂದನ್ನೇ ನಂಬಲಾಗದ್ದಕ್ಕೆ ಇನ್ನೂ ಒಂದು ಕಾರಣವಿದೆ, ಅದು ಆಸಕ್ತಿಯದೂ ಹೌದು. ಜೀನ್ ಹುಟ್ಟಿನಿಂದ ಸಾಯುವ ತನಕ ಬದಲಾಗುವುದಿಲ್ಲ, ಆದರೆ ಕಿಣ್ವದ ಕೆಲಸ ಬದಲಾಗುತ್ತದೆ. ರಿಸ್ಪೆರಿಡೋನ್ ತೆಗೆದುಕೊಳ್ಳುವವನಿಗೆ ಖಿನ್ನತೆಗೆಂದು ಫ್ಲುಆಕ್ಸೆಟಿನ್ ಸೇರಿಸಿದರೆ, ಆ ಫ್ಲುಆಕ್ಸೆಟಿನ್ ಸಿವೈಪಿ2ಡಿ6 ಕಿಣ್ವವನ್ನೇ ಅದುಮಿಡುತ್ತದೆ. ಜೀನ್ ವರದಿಯಲ್ಲಿ ಸಾಮಾನ್ಯ ಎಂದಿದ್ದವನು ದೇಹದಲ್ಲಿ ಮಂದ ಕಿಣ್ವದವನಂತೆ ಆಗುತ್ತಾನೆ. ಬೀಡಿಯದು ಇನ್ನೊಂದು ಕತೆ. ಬೀಡಿ ಸಿಗರೇಟಿನ ಹೊಗೆ ಬೇರೊಂದು ಕಿಣ್ವವನ್ನು ಚುರುಕುಗೊಳಿಸುತ್ತದೆ. ಒಲಾಂಜಪೈನ್, ಕ್ಲೋಜಪೈನ್ ಬೇಗ ಕರಗಿಹೋಗುತ್ತವೆ. ಇದನ್ನು ಮಾಡುವುದು ಹೊಗೆ, ತಂಬಾಕಿನ ನಿಕೋಟಿನ್ ಅಲ್ಲ. ಹೀಗಾಗಿ ಗುಟ್ಕಾ, ಎಲೆಯಡಿಕೆ ತಂಬಾಕಿಗೆ ಈ ಪರಿಣಾಮ ಇಲ್ಲ. ಆಸ್ಪತ್ರೆಯಲ್ಲಿ ಬೀಡಿ ಸಿಗದೆ ಇದ್ದಾಗ ಹದವಾಗಿ ಕೂತ ಡೋಸ್, ಊರಿಗೆ ಬಂದು ದಿನಕ್ಕೆ ಎರಡು ಕಟ್ಟು ಎಳೆಯತೊಡಗಿದ ಮೇಲೆ ಸಾಲದಾಗುತ್ತದೆ. ಅದೇ ವ್ಯಕ್ತಿ ದಿಢೀರನೆ ಬೀಡಿ ಬಿಟ್ಟರೆ ಅದೇ ಡೋಸ್ ಹೆಚ್ಚಾಗಿ ತೂಕಡಿಕೆ, ನಡುಕ ಬರಬಹುದು. ಬೀಡಿ ಬಿಡಿಸಿ, ಖಂಡಿತ ಬಿಡಿಸಿ. ಆದರೆ ವೈದ್ಯರಿಗೆ ತಿಳಿಸಿ ಬಿಡಿಸಿ. ಬೀಡಿಯ ವಿಷಯ ನೀವೇ ಹೇಳದಿದ್ದರೆ ಯಾವ ಜೀನ್ ವರದಿಯಲ್ಲೂ ಅದು ಸಿಗುವುದಿಲ್ಲ.

ಇಷ್ಟು ಓದಿದವರು "ಹಂಗಾದರ ಈ ಟೆಸ್ಟ್ ನಮಗ ಬ್ಯಾಡೇ ಬ್ಯಾಡ" ಎಂದುಕೊಳ್ಳಬಹುದು. ಅಲ್ಲ. ಒಂದು ಪರೀಕ್ಷೆ ಬೇಕು. ಅದು ಬಣ್ಣದ ಕಾಲಂಗಳ ದೊಡ್ಡ ಪ್ಯಾಕೇಜಿನ ಮಾತಲ್ಲ. ಒಂದೇ ಔಷಧಿಗೆ, ಒಂದೇ ಜೀನ್ ನೋಡುವ, ಹೌದು-ಇಲ್ಲ ಎಂದು ಉತ್ತರ ಕೊಡುವ ಪರೀಕ್ಷೆ.

ಔಷಧಿಯ ಹೆಸರು ಕಾರ್ಬಮಾಜೆಪೈನ್. ಫಿಟ್ಸ್‌ಗೆ ಕೊಡುತ್ತಾರೆ, ಉನ್ಮಾದ-ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆಗೂ ಕೊಡುತ್ತಾರೆ. ಅಗ್ಗ, ಹಳೆಯದು, ಲಕ್ಷಾಂತರ ಜನರಿಗೆ ಒಳ್ಳೆಯದು ಮಾಡಿರುವುದು. ಆದರೆ ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ಬಗೆ ಇರುವ ಕೆಲವರಲ್ಲಿ ಅದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ತರುತ್ತದೆ. ದೇಹ ತನ್ನ ಚರ್ಮದ ಮೇಲೆ ತಾನೇ ತಿರುಗಿ ಬೀಳುವ ಸ್ಥಿತಿ ಅದು. ಹೆಚ್ಚಾಗಿ ಗುಳಿಗೆ ಶುರುವಾದ ಮೊದಲ ಎರಡು ಮೂರು ತಿಂಗಳೊಳಗೆ ಜ್ವರ ಬರುತ್ತದೆ, ಗಂಟಲು ನೋಯುತ್ತದೆ, ಕಣ್ಣು ಕೆಂಪಾಗಿ ಉರಿಯುತ್ತದೆ, ತುಟಿ ಬಾಯಿ ಹುಣ್ಣಾಗುತ್ತದೆ, ಮೈಮೇಲೆ ಕೆಂಪು ಗಂಧೆ ಎದ್ದು ಗುಳ್ಳೆಯಾಗಿ ಚರ್ಮ ಸುಲಿಯತೊಡಗುತ್ತದೆ. ತೀರ ಉಲ್ಬಣಿಸಿದ ರೂಪದಲ್ಲಿ ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. ಉಳಿದವರಲ್ಲಿ ಕೆಲವರ ಕಣ್ಣಿನ ನೆದರು ಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಇದನ್ನು ಕಂಡರೆ "ಅಮ್ಮ ಎದ್ದಾಳ" ಎಂದು ಬೇವಿನ ಸೊಪ್ಪು ಹಾಸಿ ಮಲಗಿಸುತ್ತಾರೆ, ದವಾಖಾನೆಗೆ ಒಯ್ಯಬಾರದು ಎನ್ನುತ್ತಾರೆ, ಗುಳಿಗೆಯನ್ನು ಮಾತ್ರ ತಪ್ಪದೆ ನುಂಗಿಸುತ್ತಾರೆ. ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಕಾರ್ಬಮಾಜೆಪೈನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್ ಇವುಗಳಲ್ಲಿ ಯಾವುದನ್ನಾದರೂ ಹೊಸದಾಗಿ ಶುರು ಮಾಡಿದವರಿಗೆ ಜ್ವರದ ಜೊತೆ ಬಾಯಿಹುಣ್ಣು, ಕಣ್ಣುರಿ, ಮೈಮೇಲೆ ಗಂಧೆ ಕಂಡರೆ ಮುಂದಿನ ಗುಳಿಗೆ ನುಂಗಿಸದೆ, ಗುಳಿಗೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು, ಅದೇ ದಿನ ಹುಬ್ಬಳ್ಳಿಯ ಕೆಎಂಸಿಆರ್‌ಐ, ಅಂದರೆ ಹಿಂದಿನ ಕಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಹೊರಡಿ. ನೀವಾಗಿ ಗುಳಿಗೆ ನಿಲ್ಲಿಸಬಾರದು ಎಂದು ಮೇಲೆ ಬರೆದ ಮಾತಿಗೆ ಇದು ಅಪವಾದ.

ಈ ಜೀನ್ ಸಂಬಂಧ ಮೊದಲು ಗೊತ್ತಾದದ್ದು ತೈವಾನಿನಲ್ಲಿ, 2004ರಲ್ಲಿ. ಕಾರ್ಬಮಾಜೆಪೈನ್‌ನಿಂದ ಹೀಗಾದ 44 ರೋಗಿಗಳನ್ನು ನೋಡಿದರೆ 44 ಮಂದಿಯಲ್ಲೂ ಅದೇ ಜೀನ್ ಬಗೆ ಇತ್ತು. ಅದೇ ತೈವಾನಿನಲ್ಲಿ ಮುಂದೆ ಈ ಔಷಧಿ ಕೊಡಬೇಕಾಗಿದ್ದ 4,877 ಜನರನ್ನು ಮೊದಲೇ ಪರೀಕ್ಷಿಸಿ, ಆ ಜೀನ್ ಇದ್ದ ನೂರಕ್ಕೆ ಎಂಟರಷ್ಟು ಜನರಿಗೆ ಬೇರೆ ಔಷಧಿ ಕೊಟ್ಟರು. ಹಿಂದಿನ ಲೆಕ್ಕದ ಪ್ರಕಾರ ಹತ್ತು ಮಂದಿಗಾದರೂ ಈ ಗಂಡಾಂತರ ಬರಬೇಕಿತ್ತು. ಒಬ್ಬರಿಗೂ ಬರಲಿಲ್ಲ. ಇದು 2011ರಲ್ಲಿ ಪ್ರಕಟವಾಯಿತು. ಸಿಂಗಪುರದಲ್ಲಿ 2013ರಿಂದ ಏಷ್ಯಾ ಮೂಲದವರಿಗೆ ಈ ಔಷಧಿ ಶುರು ಮಾಡುವ ಮೊದಲು ಪರೀಕ್ಷೆ ಮಾಡುವುದೇ ರೂಢಿ, ಸರ್ಕಾರದ ಸಹಾಯಧನವೂ ಉಂಟು. ಭಾರತೀಯರಲ್ಲಿ ಈ ಜೀನ್ ಬಗೆ ಸರಾಸರಿ ನೂರಕ್ಕೆ 2ರಿಂದ 4 ಜನರಲ್ಲಿ ಇದೆ, ಕೆಲವು ಸಮುದಾಯಗಳಲ್ಲಿ ಅದಕ್ಕಿಂತ ಹೆಚ್ಚು ಎಂದು ಅಮೆರಿಕದಲ್ಲಿ ಆ ಔಷಧಿಯ ಜೊತೆ ಬರುವ ಸೂಚನೆಯಲ್ಲೇ ಬರೆದಿದೆ. ನಮ್ಮ ದೇಶದಲ್ಲಿ 2009ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಹೀಗೆ ತೊಂದರೆಗೆ ಒಳಗಾದ 8 ರೋಗಿಗಳಲ್ಲಿ 6 ಮಂದಿಗೆ ಇದೇ ಜೀನ್ ಇತ್ತು. ಅಮೆರಿಕದಲ್ಲಿ ನೆಲೆಸಿದ ನಮ್ಮ ಧಾರವಾಡದ ಹುಡುಗನಿಗೆ ಈ ಔಷಧಿ ಬರೆಯುವ ಮೊದಲು ಅಲ್ಲಿನ ವೈದ್ಯರು ಪರೀಕ್ಷೆ ಮಾಡಿಸಬೇಕು. ಅದೇ ಹುಡುಗನ ಅಣ್ಣ ಶಲವಡಿಯಲ್ಲೋ ಸಂಶಿಯಲ್ಲೋ ಇದ್ದರೆ ಹಾಗೇ ನುಂಗಬೇಕು. ಇದನ್ನು ಒಪ್ಪಿಕೊಂಡು ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಜೀನ್ ಅಂದರೆ ಸಾಕು ನಮ್ಮಲ್ಲಿ ಇನ್ನೊಂದು ಹೆದರಿಕೆ ಹುಟ್ಟುತ್ತದೆ. "ಮನಿತನದಾಗ ಐತಿ ಅಂತ ಕಾಗದದ ಮ್ಯಾಲೆ ಬಂದರ ಹುಡುಗಿಗೆ ಗಂಡು ಸಿಗೂದಿಲ್ಲ" ಎಂದು ಕಲಘಟಗಿಯ ಒಬ್ಬ ತಾಯಿ ಅಂದದ್ದು ಕಿವಿಯಲ್ಲಿದೆ. ಅವ್ವಾ, ಈ ಪರೀಕ್ಷೆಗಳು ಹುಚ್ಚು ಮನೆತನದಲ್ಲಿ ಇದೆಯೋ ಇಲ್ಲವೋ ಎಂದು ನೋಡುವುದೇ ಇಲ್ಲ. ಮಂದ ಕಿಣ್ವದವರು ನಮ್ಮ ನಿಮ್ಮಂಥ ಆರೋಗ್ಯವಂತರಲ್ಲೂ ಹತ್ತರಲ್ಲಿ ಒಬ್ಬರು ಇದ್ದಾರೆ; ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಕೊಡುವ ಕ್ಲೊಪಿಡೊಗ್ರೆಲ್ ಕೆಲಸ ಮಾಡುತ್ತದೋ ಇಲ್ಲವೋ ಎಂಬುದಕ್ಕೂ ಅದೇ ಸಿವೈಪಿ2ಸಿ19 ಜೀನ್ ಮುಖ್ಯ. ಇಷ್ಟಾಗಿಯೂ ನಿಮ್ಮ ಮಗಳ ವರದಿ ನಿಮ್ಮ ಒಪ್ಪಿಗೆ ಇಲ್ಲದೆ ಊರಿನ ಬಾಯಿಗೆ ಬೀಳಬಾರದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ರೋಗಿಯ ಮಾಹಿತಿ ಗುಟ್ಟಾಗಿರಬೇಕು ಎನ್ನುತ್ತದೆ.

ಜೀನ್ ಪರೀಕ್ಷೆಯ ಮಾತು ಇಷ್ಟು ಜೋರಾಗಿ ನಡೆದಿರುವಾಗ, ಅದಕ್ಕಿಂತ ಹಳೆಯ, ಅಗ್ಗದ, ಸಾವಿರ ಪಾಲು ಗಟ್ಟಿಯಾದ ಪರೀಕ್ಷೆಗಳು ನಮಗೆ ಹತ್ತಿರದಲ್ಲಿ ಸಿಗುತ್ತವೆಯೇ ಎಂದು ಕೇಳಲೇಬೇಕು. ಲಿಥಿಯಂ ತೆಗೆದುಕೊಳ್ಳುವವರ ರಕ್ತದಲ್ಲಿ ಅದರ ಮಟ್ಟ ಎಷ್ಟಿದೆ ಎಂದು ಆಗಾಗ ನೋಡಬೇಕು. ಸಾಮಾನ್ಯವಾಗಿ 0.6ರಿಂದ 1.0ರ ನಡುವೆ ಇರಬೇಕು. ಕಡಿಮೆಯಾದರೆ ಪ್ರಯೋಜನವಿಲ್ಲ, ಏರಿದರೆ ವಿಷ. ನವಲಗುಂದದ ಬ್ಯಾಸಿಗೆಯಲ್ಲಿ ಬಿಸಿಲಿಗೆ ದುಡಿದು ಬೆವರು ಹರಿದು ನೀರು ಕುಡಿಯದೆ ಇದ್ದರೆ, ವಾಂತಿಭೇದಿಯಾದರೆ, ಮೈಕೈ ನೋವಿಗೆಂದು ಅಂಗಡಿಯ ಡೈಕ್ಲೋಫೆನ್ಯಾಕ್ ನುಂಗಿದರೆ ಅದೇ ಡೋಸಿನಲ್ಲಿ ಮಟ್ಟ ಏರಿಬಿಡುತ್ತದೆ. ಕೈ ಜೋರಾಗಿ ನಡುಗುವುದು, ಹೆಜ್ಜೆ ತಪ್ಪುವುದು, ಮಾತು ತೊದಲುವುದು ಅದರ ಗುರುತು. ಕ್ಲೋಜಪೈನ್ ಶುರು ಮಾಡಿದವರಿಗೆ ಮೊದಲ 18 ವಾರ ವಾರಕ್ಕೊಮ್ಮೆ ಬಿಳಿರಕ್ತಕಣಗಳ ಎಣಿಕೆ ಆಗಬೇಕು. ಬೇರೆ ಯಾವುದಕ್ಕೂ ಬಗ್ಗದ ಸ್ಕಿಜೋಫ್ರೇನಿಯಾಗೆ ಅದರಷ್ಟು ಒಳ್ಳೆಯ ಔಷಧಿ ಇನ್ನೂ ಬಂದಿಲ್ಲ. ಆದರೆ ವಾರವಾರ ಕೂಲಿ ಬಿಟ್ಟು ಬಸ್ಸು ಹತ್ತಿ ಹೋಗಿ ರಕ್ತ ಕೊಡಲಾಗದ್ದಕ್ಕೆ ಎಷ್ಟೋ ಹಳ್ಳಿಯ ಮನೆಗಳಿಗೆ ಆ ಔಷಧಿಯೇ ಸಿಗುವುದಿಲ್ಲ. ಜೀನ್ ಪರೀಕ್ಷೆ ಜೀವಮಾನಕ್ಕೆ ಒಮ್ಮೆ ಸಾಕು ಎಂದು ಮಾರುವವರು ಹೇಳುವುದು ನಿಜ. ಈ ರಕ್ತಪರೀಕ್ಷೆಗಳು ಮತ್ತೆ ಮತ್ತೆ ಬೇಕು, ಅದಕ್ಕೇ ಅವು ಹತ್ತಿರದಲ್ಲಿ ಇರಬೇಕು.

ಇನ್ನು ನಿಮ್ಮ ಕೈಯಲ್ಲೇ ಇರುವ ಕೆಲಸದ ಮಾತು. ನಮ್ಮ ಕಡೆ ಗುಳಿಗೆ ಬರುವ ಬಗೆ ನಿಮಗೆ ಗೊತ್ತು. ಕಾಗದದ ಸಣ್ಣ ಪೊಟ್ಟಣ, ಮೇಲೆ ಒಂದು, ಸೊನ್ನೆ, ಒಂದು ಎಂದು ಗೀಚಿದ ಗೆರೆ. ಇಲ್ಲವೇ ಕತ್ತರಿಯಿಂದ ತುಂಡು ಮಾಡಿದ ಪಟ್ಟಿ. ಹೆಸರಿರುವ ತುಂಡು ಇನ್ನೊಬ್ಬರ ಪಾಲಿಗೆ ಹೋಗಿರುತ್ತದೆ, ನಮ್ಮ ಪಾಲಿಗೆ ಬೆಳ್ಳಿಬಣ್ಣದ ಖಾಲಿ ಬೆನ್ನು. ಐದು ವರ್ಷ ಕಳೆದ ಮೇಲೆ ಹೊಸ ವೈದ್ಯರು "ಹಿಂದೆ ಯಾವುದು ಕೊಟ್ಟಿದ್ದರು?" ಎಂದು ಕೇಳಿದರೆ ನಾವು "ಬಿಳೀದು, ಸಣ್ಣದು, ಅದನ್ನ ತಗೊಂಡರ ಕೈ ನಡುಗತಿತ್ತು" ಎನ್ನುತ್ತೇವೆ. ಅವರು ಮತ್ತೆ ಅದನ್ನೇ ಬರೆದರೆ ತಪ್ಪು ಯಾರದು? ಒಂದು ವಹಿ ಮಾಡಿ. ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗ ಶುರು, ಯಾವಾಗ ಬಿಟ್ಟದ್ದು, ಏನು ಸುಧಾರಿಸಿತು, ಏನು ಕೆಟ್ಟಿತು. ಅದರಲ್ಲೇ ಬೀಡಿ, ಸೆರೆ, ನಾಟಿ ಔಷಧಿ, ಬಿಪಿ-ಸಕ್ಕರೆಯ ಗುಳಿಗೆ ಎಲ್ಲ. ಮನೆತನದಲ್ಲಿ ಇನ್ನಾರಿಗೆ ಯಾವ ಗುಳಿಗೆ ತಡೆಯಲಿಲ್ಲ ಎಂಬುದೂ ಇರಲಿ. ಬರೆಯಲು ಬರದಿದ್ದರೆ ಶಾಲೆಗೆ ಹೋಗುವ ಮೊಮ್ಮಗಳು ಇದ್ದಾಳೆ, ಆಶಾ ಕಾರ್ಯಕರ್ತೆ ಇದ್ದಾಳೆ. ಔಷಧಿ ಅಂಗಡಿಯವರಿಗೆ ಹೆಸರಿರುವ ತುಂಡನ್ನೇ ಕೊಡಿ ಎಂದು ಕೇಳಿ, ಆ ತುಂಡನ್ನು ವಹಿಗೆ ಅಂಟಿಸಿ. ಇಂಥ ವಹಿ ಇದ್ದ ರೋಗಿಗೆ, ವಹಿ ಇಲ್ಲದ ಆದರೆ ಜೀನ್ ವರದಿ ಇರುವ ರೋಗಿಗಿಂತ ಹೆಚ್ಚು ಎಚ್ಚರದಿಂದ ಔಷಧಿ ಬರೆಯಲು ಬರುತ್ತದೆ ಎಂದೇ ನಾನು ನಂಬಿದ್ದೇನೆ. ರಾತ್ರಿ ಹೊತ್ತು ಏನಾದರೂ ಗೊಂದಲವಾದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ನಾಲ್ಕಾರು ಔಷಧಿ ಸರಿಯಾದ ಡೋಸಿನಲ್ಲಿ, ಸರಿಯಾದಷ್ಟು ದಿನ ಕೊಟ್ಟೂ ಒಗ್ಗದಿದ್ದರೆ, ಅಥವಾ ಎಷ್ಟು ಸಣ್ಣ ಡೋಸಿಗೂ ವಿಪರೀತ ತೊಂದರೆಯಾಗುತ್ತಿದ್ದರೆ ಆಗ ವೈದ್ಯರೇ ಕಿಣ್ವದ ಜೀನ್ ಪರೀಕ್ಷೆ ಬರೆದಾರು. ಬರೆದರೆ ಮಾಡಿಸಿ, ಅನುಕೂಲವಿದ್ದರೆ. ಅದಕ್ಕೂ ಮೊದಲೇ, ಯಾರೋ ಏಜೆಂಟ್ ಹೇಳಿದನೆಂದು, ಹೊಲ ಅಡವಿಟ್ಟು ಮಾಡಿಸಬೇಡಿ.

ಕೊನೆಗೆ ಒಂದು ಅರ್ಜಿಯ ವಿಷಯ. ಈ ನಾಡಿನ ರೈತರಿಗೆ ಅರ್ಜಿ, ಧರಣಿ ಹೊಸತಲ್ಲ. ಮಲಪ್ರಭೆಯ ನೀರಿನ ಕರದ ವಿರುದ್ಧ 1980ರಲ್ಲಿ ನವಲಗುಂದದಲ್ಲಿ ಎದ್ದವರು, ಮಹದಾಯಿಯ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತವರು ನೀವೇ. ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋರೋಗದ ಅತ್ಯಗತ್ಯ ಔಷಧಿಗಳು ಸದಾ ಉಚಿತವಾಗಿ ಸಿಗಬೇಕು ಎಂದು 2017ರ ಕಾಯ್ದೆಯ 18ನೆಯ ಸೆಕ್ಷನ್ ಹೇಳುತ್ತದೆ. ಚಿಕಿತ್ಸೆಯ ದಾಖಲೆ ಪಡೆಯುವ ಹಕ್ಕು ರೋಗಿಗೆ ಇದೆ ಎಂದು 25ನೆಯದು ಹೇಳುತ್ತದೆ. ನಾಲ್ಕೂ ತಾಲ್ಲೂಕಿನ ಮನೆಗಳವರು ಸಹಿ ಮಾಡಿ, ಹೆಬ್ಬೆಟ್ಟು ಒತ್ತಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಕೊಡಲು ಒಂದು ಒಕ್ಕಣೆ ಮಾಡಿದ್ದೇನೆ. ತಿದ್ದುವುದಿದ್ದರೆ ತಿದ್ದಿ:

"ಕಾರ್ಬಮಾಜೆಪೈನ್ ಹೊಸದಾಗಿ ಶುರು ಮಾಡುವ ಪ್ರತಿಯೊಬ್ಬರಿಗೂ ಎಚ್‌ಎಲ್‌ಎ-ಬಿ 15:02 ಪರೀಕ್ಷೆ ಸರ್ಕಾರದ ಖರ್ಚಿನಲ್ಲಿ ಆಗಬೇಕು, ರಕ್ತವನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿಯವರೆಗೆ, ಬೇರೆ ಔಷಧಿ ಸಾಧ್ಯವಿದ್ದಾಗ ಅದನ್ನು ಕೊಡಬೇಕು. ಲಿಥಿಯಂ ಮಟ್ಟ ಮತ್ತು ರಕ್ತಕಣಗಳ ಎಣಿಕೆಗೆ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತ ತೆಗೆದು ಮುಂದಿನ ಮಂಗಳವಾರದೊಳಗೆ ವರದಿ ಕೊಡಬೇಕು. ಪ್ರತಿ ಗುಳಿಗೆಯ ಪೊಟ್ಟಣದ ಮೇಲೆ ಔಷಧಿಯ ಹೆಸರು ಮತ್ತು ಡೋಸನ್ನು ಕನ್ನಡದಲ್ಲಿ ಬರೆದುಕೊಡಬೇಕು."

ಇಂತು,
ನಿಮ್ಮೊಳಗಿನ ಒಬ್ಬ ಅಣ್ಣ
ಅಣ್ಣಿಗೇರಿ ತಾಲ್ಲೂಕು